ಚಲನಾ ಕಲಿಕೆಯ ಪೋಸ್ಟ್‌ಡಾಕ್: ಮನುಷ್ಯರ ಲ್ಯಾಬೋ, ಇಲಿಯದೋ, ಕೋತಿಯದೋ, ಬರೀ ಕಂಪ್ಯೂಟರೋ?

ಚಲನಾ ಕಲಿಕೆ ಎಂದರೆ ಮೆದುಳು ದೇಹದ ಚಲನೆಗಳನ್ನು ಕಲಿಯುವ ಬಗೆ. ಪಿಎಚ್‌ಡಿ ಮುಗಿಯುವ ಹೊತ್ತಿಗೆ ಪೋಸ್ಟ್‌ಡಾಕ್‌ಗಾಗಿ (ಪಿಎಚ್‌ಡಿ ನಂತರದ ಕೆಲ ಕಾಲದ ಸಂಶೋಧನಾ ಕೆಲಸ) ಎರಡು ಮೂರು ಲ್ಯಾಬ್‌ಗಳಿಂದ ಕರೆ ಬಂದಿರುತ್ತದೆ. ಒಂದು ಕಡೆ ರೋಬೋಟ್ ಹಿಡಿಕೆ ಹಿಡಿದು ಕೈ ಚಾಚುವ ಮನುಷ್ಯರು, ಇನ್ನೊಂದು ಕಡೆ ತಲೆ ಬಿಗಿದು ನಿಲ್ಲಿಸಿದ ಇಲಿ, ಮತ್ತೊಂದು ಕಡೆ ಕೋತಿ, ಇಲ್ಲವೇ ಯಾವ ಪ್ರಾಣಿಯೂ ಇಲ್ಲದ ಸಿದ್ಧಾಂತದ ಗುಂಪು. ಬಹಳ ಮಂದಿ ಲ್ಯಾಬ್ ಮುಖ್ಯಸ್ಥರ ಹೆಸರು ನೋಡಿ ಆರಿಸಿಬಿಡುತ್ತಾರೆ. ಹೆಸರಿಗೆ ಬೆಲೆ ಇಲ್ಲವೆಂದಲ್ಲ, ಆದರೆ ಅದಕ್ಕೂ ಮೊದಲು ತಿಂಗಳುಗಳನ್ನು ಎಣಿಸಿ. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ, ನಂಬಬಹುದಾದ ಮೊದಲ ಡೇಟಾ ಬರುವುದು ಎಷ್ಟನೇ ತಿಂಗಳಿಗೆ: ಈ ಎರಡು ಸಂಖ್ಯೆ ತಾಳೆಯಾಗದಿದ್ದರೆ ಎಷ್ಟು ದೊಡ್ಡ ಹೆಸರೂ ಕೆಲಸಕ್ಕೆ ಬಾರದು.

ಯಾವುದನ್ನು ಅಳೆಯಬೇಕು

ಮೊದಲನೆಯದು, ನಿಮ್ಮ ಪ್ರಶ್ನೆಗೆ ಎಂಥ ಉತ್ತರ ಬೇಕು ಎಂಬುದು. ಪರದೆಯ ಕರ್ಸರನ್ನು ಕೈಯ ದಿಕ್ಕಿನಿಂದ 30 ಡಿಗ್ರಿ ಓರೆಗೆ ತಿರುಗಿಸಿದಾಗ ಜನ ಎಷ್ಟು ಬೇಗ ಹೊಂದಿಕೊಳ್ಳುತ್ತಾರೆ, ಮರುದಿನಕ್ಕೆ ಎಷ್ಟು ಉಳಿದಿರುತ್ತದೆ ಎಂಬುದು ವರ್ತನೆಯ ಪ್ರಶ್ನೆ. ಅದಕ್ಕೆ ಇಲಿಯ ತಲೆಬುರುಡೆ ತೆರೆಯುವ ಅಗತ್ಯವಿಲ್ಲ. ತಪ್ಪಿನ ಸುದ್ದಿಯನ್ನು ಕಿರುಮೆದುಳಿಗೆ ಯಾವ ಕೋಶ ತರುತ್ತದೆ, ಅದನ್ನು ಸುಮ್ಮನಾಗಿಸಿದರೆ ಕಲಿಕೆ ನಿಲ್ಲುತ್ತದೆಯೇ ಎಂದು ಕೇಳಿದರೆ ಪ್ರಾಣಿಯಿಲ್ಲದೆ ಉತ್ತರವಿಲ್ಲ. ಪ್ರಶ್ನೆ ಒಂದು ಕಡೆ, ವಿಧಾನ ಇನ್ನೊಂದು ಕಡೆ ಇರುವ ಅರ್ಜಿಗಳೇ ಹೆಚ್ಚು.

ಎರಡನೆಯದು, ಆಗಲೇ ಹೇಳಿದ ತಿಂಗಳ ಲೆಕ್ಕ. ಮೂರನೆಯದು, ಹೊರಡುವಾಗ ಏನನ್ನು ಹೊತ್ತುಕೊಂಡು ಹೋಗಬಹುದು: ಕೌಶಲ, ಕೋಡ್, ಡೇಟಾ, ಸ್ವಂತದ್ದೆನ್ನಬಹುದಾದ ಒಂದು ಪ್ರಶ್ನೆ. ಮುಂದೆ ನಿಮ್ಮದೇ ಲ್ಯಾಬ್ ಕಟ್ಟುವಾಗ ಅದೇ ಪ್ರಯೋಗಕ್ಕೆ ಒಂದು ಕೋಣೆ ಸಾಕೋ, ಇಡೀ ಪ್ರಾಣಿಗೃಹವೇ ಬೇಕೋ? ನಾಲ್ಕನೆಯದು, ವಾರದ ಏಳು ದಿನ ಯಾರ ಕೈಯಲ್ಲಿ ಎಂಬುದು. ಕೊನೆಯದು, ಪ್ರಯೋಗ ಕೈಕೊಟ್ಟರೆ ಉಳಿಯುವುದೇನು? ಅರ್ಧ ಕೆಲಸವೂ ಪೇಪರ್ ಆಗುವ ಕ್ಷೇತ್ರ ಬೇರೆ, ಅರ್ಧಕ್ಕೆ ನಿಂತರೆ ಏನೂ ಉಳಿಯದ ಕ್ಷೇತ್ರ ಬೇರೆ.

ಮನುಷ್ಯರ ವರ್ತನೆ

ಈ ಸಾಲಿನ ಬಹುಪಾಲು ಪ್ರಯೋಗಗಳಿಗೆ ಎರಡು ಮೂಲಗಳು. ಒಂದು ಫೋರ್ಸ್ ಫೀಲ್ಡ್: 1994ರಲ್ಲಿ ಶಾದ್‌ಮೆಹ್ರ್ ಮತ್ತು ಮುಸ್ಸಾ-ಇವಾಲ್ಡಿ ತೋರಿಸಿದಂತೆ, ಕೈಯ ವೇಗಕ್ಕೆ ತಕ್ಕ ಬಲ ಹಾಕಿ ರೋಬೋಟ್ ಅದನ್ನು ದಾರಿ ತಪ್ಪಿಸುತ್ತದೆ. ಅಭ್ಯಾಸವಾದಂತೆ ಕೈಯ ಹಾದಿ ಮತ್ತೆ ನೇರವಾಗುತ್ತದೆ, ಬಲ ತೆಗೆದ ಕ್ಷಣ ಎದುರು ದಿಕ್ಕಿಗೆ ಬಾಗುತ್ತದೆ. ಇನ್ನೊಂದು, ಪರದೆಯ ಮೇಲೆ ಕರ್ಸರನ್ನು ತಿರುಗಿಸುವುದು. ಇದಕ್ಕೆ ಟ್ಯಾಬ್ಲೆಟ್ ಮತ್ತು ಪೆನ್ ಸಾಕು.

ನಡೆಯುತ್ತಿರುವ ಲ್ಯಾಬ್‌ಗೆ ಸೇರಿ, ಇರುವ ನೀತಿ ಸಮಿತಿ ಅನುಮತಿಗೆ ತಿದ್ದುಪಡಿ ಮಾತ್ರ ಸಾಕಾದರೆ, ಎರಡು ಮೂರು ತಿಂಗಳಲ್ಲಿ ಪೈಲಟ್ ಡೇಟಾ ಸಿಗುತ್ತದೆ. ಒಬ್ಬರಿಗೆ ಒಂದು ಒಂದೂವರೆ ಗಂಟೆ, 600ರಿಂದ 800 ಚಾಚುಗಳು. ಗುಂಪಿಗೆ 20ರಿಂದ 30 ಜನ ಎಂದಿಟ್ಟುಕೊಂಡು ನಾಲ್ಕು ಗುಂಪು ಮಾಡಿದರೆ ನೂರು ಜನ, ದಿನಕ್ಕೆ ನಾಲ್ಕೈದು ಮಂದಿ ಬಂದರೆ ಐದಾರು ವಾರದ ಕೆಲಸ. ವಿನ್ಯಾಸ ತಪ್ಪಿದ್ದರೆ ಕಳೆದುಕೊಳ್ಳುವುದು ಎರಡು ತಿಂಗಳು, ಎರಡು ವರ್ಷವಲ್ಲ. ಈ ವಿಧಾನದ ದೊಡ್ಡ ಬಲ ಇದೇ.

ಕೆಡುವುದು ಎಲ್ಲಿ? ಹೆಚ್ಚಾಗಿ ಎರಡು ಕಡೆ. ಮೊದಲನೆಯದು ತಡ. ಕೈ ಅಲುಗಿದ್ದಕ್ಕೂ ಕರ್ಸರ್ ಅಲುಗಿದ್ದಕ್ಕೂ ನಡುವೆ ಟ್ಯಾಬ್ಲೆಟ್, ಆಪರೇಟಿಂಗ್ ಸಿಸ್ಟಮ್, ಪರದೆ ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಸೇರಿಸಿದರೆ 60ರಿಂದ 100 ಮಿಲಿಸೆಕೆಂಡ್ ಆಗಿಬಿಡುವುದು ಅಪರೂಪವಲ್ಲ. ತಡ ಹೆಚ್ಚಾದಷ್ಟೂ ಅರಿವಿಗೆ ಬಾರದ ಹೊಂದಾಣಿಕೆ ಕುಗ್ಗುತ್ತದೆ, ಎರಡು ಲ್ಯಾಬ್‌ಗಳ ಫಲಿತಾಂಶ ಹೊಂದದಿರಲು ಇದೂ ಒಂದು ಕಾರಣವಾಗಬಹುದು. ಪರದೆಯ ಮೂಲೆಗೆ ಫೋಟೋಡಯೋಡ್ (ಬೆಳಕಿನ ಬದಲಾವಣೆ ಹಿಡಿಯುವ ಸಣ್ಣ ಸೆನ್ಸರ್) ಅಂಟಿಸಿ ಸ್ವತಃ ಅಳೆಯಬೇಕು. ತಯಾರಕರ ಕೈಪಿಡಿಯಲ್ಲಿರುವ ಸಂಖ್ಯೆಯನ್ನು ನಂಬಬಾರದು.

ಎರಡನೆಯದು ತಂತ್ರ, ಅಂದರೆ ವ್ಯಕ್ತಿ ತಿಳಿದೇ ಹೂಡುವ ಉಪಾಯ. 2006ರಲ್ಲಿ ಮಜ್ಜೋನಿ ಮತ್ತು ಕ್ರಾಕವರ್ ಮಾಡಿದ ಪ್ರಯೋಗವನ್ನು ಹತ್ತಿರದಿಂದ ನೋಡಿ. ಕರ್ಸರ್ 45 ಡಿಗ್ರಿ ತಿರುಗಿದೆ, ಅದನ್ನು ಸರಿದೂಗಿಸಲು ಪಕ್ಕದ ಗುರಿಗೆ ಚಾಚಿ ಎಂದು ಹೇಳಿಕೊಟ್ಟರು. ತಪ್ಪು ತಕ್ಷಣ ಸೊನ್ನೆಯಾಯಿತು. ಆಮೇಲೆ ಪ್ರಯತ್ನಗಳು ಮುಂದುವರಿದಂತೆ ತಪ್ಪು ಮತ್ತೆ ಬೆಳೆಯಿತು! ವ್ಯಕ್ತಿಗೆ ತಂತ್ರ ಗೊತ್ತಿದೆ, ಮೊದಲಿಗೆ ಗುರಿಯೂ ಮುಟ್ಟಿದೆ, ಆದರೂ ಒಳಗಿನ ಹೊಂದಾಣಿಕೆ ಯಾರ ಮಾತೂ ಕೇಳದೆ ತನ್ನ ಪಾಡಿಗೆ ನಡೆದಿದೆ. ಹೀಗಿರುವಾಗ ಬರೀ ಕಲಿಕೆಯ ವಕ್ರರೇಖೆ ಬಿಡಿಸಿ ‘ಇದೇ ಚಲನಾ ಕಲಿಕೆ’ ಎಂದರೆ ಪರಿಶೀಲಕರು ಒಪ್ಪುವುದಿಲ್ಲ. ಎಲ್ಲಿಗೆ ಗುರಿಯಿಡುತ್ತೀರಿ ಎಂದು ಪ್ರತಿ ಸಲ ಕೇಳುವುದು, ತಂತ್ರ ಬಿಟ್ಟು ನೇರ ಗುರಿಗೇ ಚಾಚಿ ಎಂದು ಹೇಳಿ ಕರ್ಸರ್ ತೋರಿಸದೆ ಪರೀಕ್ಷಿಸುವುದು, ಕೈ ಎಲ್ಲಿಗೆ ಹೋದರೂ ಕರ್ಸರ್ ಒಂದೇ ಕೋನದಲ್ಲಿ ಸಾಗುವಂತೆ ಕಟ್ಟಿಹಾಕುವುದು: ಇವುಗಳಲ್ಲಿ ಒಂದಾದರೂ ವಿನ್ಯಾಸದಲ್ಲಿರಬೇಕು. ಸೇರಬೇಕೆಂದಿರುವ ಲ್ಯಾಬ್ ಇದನ್ನು ರೂಢಿಯಾಗಿ ಮಾಡುತ್ತದೆಯೇ ಎಂದು ಅವರ ಇತ್ತೀಚಿನ ಪೇಪರ್‌ಗಳಲ್ಲಿ ನೋಡಿ.

ಮಿತಿ ಎಲ್ಲರಿಗೂ ಗೊತ್ತಿರುವುದೇ. ‘ಇದರಲ್ಲಿ ಮೆದುಳು ಎಲ್ಲಿದೆ?’ ಎಂಬ ಪ್ರಶ್ನೆ ಕೆಲಸದ ಸಂದರ್ಶನದಲ್ಲಿ ಬಂದೇ ಬರುತ್ತದೆ. ಗಣಿತದ ಮಾದರಿಯೋ, ರೋಗಿಗಳ ಗುಂಪೋ, ಇನ್ನೊಂದು ವಿಧಾನವೋ ಜೊತೆಗಿಲ್ಲದಿದ್ದರೆ ಉತ್ತರ ಕೊಡುವುದು ಕಷ್ಟ.

ಹೊರಗಿಂದ ಮೆದುಳು ಮುಟ್ಟುವ ವಿಧಾನಗಳು

ಟಿಎಂಎಸ್ (ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ಮೆದುಳನ್ನು ಪ್ರಚೋದಿಸುವುದು), ಎಫ್‌ಎಂಆರ್‌ಐ (ಮೆದುಳಿನ ರಕ್ತದ ಸಂಕೇತವನ್ನು ಸ್ಕ್ಯಾನ್ ಮಾಡುವುದು), ಇಇಜಿ (ನೆತ್ತಿಯ ಮೇಲಿಂದ ಮೆದುಳಿನ ವಿದ್ಯುತ್ ಸಂಕೇತ ಅಳೆಯುವುದು). ಇವುಗಳನ್ನು ವರ್ತನೆಯ ಲ್ಯಾಬ್‌ಗೆ ಪೂರಕವಾಗಿ ಕಲಿಯಿರಿ, ಇಡೀ ಪೋಸ್ಟ್‌ಡಾಕನ್ನೇ ಇವುಗಳ ಮೇಲೆ ನಿಲ್ಲಿಸಬೇಡಿ ಎಂಬುದು ನಮ್ಮ ಸಲಹೆ.

ಟಿಎಂಎಸ್ ಕಲಿಯಲು ಕೆಲವೇ ವಾರ ಸಾಕು. ಹತ್ತರಲ್ಲಿ ಐದು ಸಲವಾದರೂ 50 ಮೈಕ್ರೋವೋಲ್ಟ್ ದಾಟಿದ ಸ್ನಾಯು ಪ್ರತಿಕ್ರಿಯೆ ಬರುವ ತೀವ್ರತೆಯೇ ವಿಶ್ರಾಂತಿಯ ಹೊಸ್ತಿಲು, ಅದನ್ನು ಹಿಡಿಯುವುದು ಮೊದಲ ದಿನದ ಪಾಠ. ಆದರೆ ಅದೇ ಜಾಗ, ಅದೇ ತೀವ್ರತೆ ಇದ್ದರೂ ಪ್ರತಿಕ್ರಿಯೆಯ ಎತ್ತರ ಒಂದರಿಂದೊಂದಕ್ಕೆ ವಿಪರೀತ ಬದಲಾಗುತ್ತದೆ. ಒಂದು ಸ್ಥಿತಿಗೆ ಹತ್ತು ಮಿಡಿತ ಕೊಟ್ಟು ಮುಗಿಸಿದ ಡೇಟಾವನ್ನು ನೆಚ್ಚಬೇಡಿ, 20ರಿಂದ 30 ಬೇಕು. ಮಿಡಿತ ಕೊಡುವ ಕಾಯಿಲ್ ಕೆಲವು ಮಿಲಿಮೀಟರ್ ಜಾರಿದರೂ ಕತೆ ಬದಲು, ಹಾಗಾಗಿ ಅದರ ಜಾಗವನ್ನು ಗಮನಿಸುವ ನ್ಯಾವಿಗೇಶನ್ ಕ್ಯಾಮೆರಾ ಇಲ್ಲದ ಕಡೆ ಹೋಗದಿರುವುದೇ ಲೇಸು. ಅಪಸ್ಮಾರದ ಇತಿಹಾಸ, ತಲೆಯೊಳಗಿನ ಲೋಹ ಇತ್ಯಾದಿಗಳ ತಪಾಸಣಾ ಪಟ್ಟಿಯನ್ನು ಯಾವತ್ತೂ ಬಿಡುವಂತಿಲ್ಲ.

ಕಿರುಮೆದುಳಿಗೆ ತಲೆಯ ಹೊರಗಿನಿಂದ ಸಣ್ಣ ಏಕಮುಖ ವಿದ್ಯುತ್ ಹಾಯಿಸಿ ಹೊಂದಾಣಿಕೆ ಚುರುಕಾಗುತ್ತದೆಯೇ ಎಂದು ನೋಡುವ ಯೋಜನೆಯನ್ನು ಯಾರಾದರೂ ಕೊಟ್ಟರೆ ಯೋಚಿಸಿ. ಆರಂಭದ ಫಲಿತಾಂಶಗಳು ಆಸೆ ಹುಟ್ಟಿಸಿದವು, ಮರುಪ್ರಯೋಗಗಳಲ್ಲಿ ಪರಿಣಾಮ ಒಮ್ಮೆ ಕಂಡು ಒಮ್ಮೆ ಮಾಯವಾಗಿದೆ.

ಎಫ್‌ಎಂಆರ್‌ಐನಲ್ಲಿ ರಕ್ತದ ಸಂಕೇತ ಶಿಖರ ಮುಟ್ಟಲು ಐದಾರು ಸೆಕೆಂಡ್ ಬೇಕು, ಕೈ ಚಾಚುವುದು ಅರ್ಧ ಸೆಕೆಂಡಿನಲ್ಲಿ ಮುಗಿದಿರುತ್ತದೆ. ಭುಜದಿಂದ ಕೈ ಚಾಚಿದರೆ ತಲೆಯೂ ಅಲುಗುತ್ತದೆ, ಅದಕ್ಕೇ ಬಹಳ ಪ್ರಯೋಗಗಳು ಬೆರಳು, ಮಣಿಕಟ್ಟಿಗೆ ಇಳಿದಿವೆ. ಬೆರಳಿನ ಅನುಕ್ರಮ ಕಲಿಕೆ ನಿಮ್ಮ ಪ್ರಶ್ನೆಯಾಗಿದ್ದರೆ ಇದು ಒಳ್ಳೆಯ ವಿಧಾನ. ಕೈ ಚಾಚುವ ನಿಯಂತ್ರಣವೇ ಪ್ರಶ್ನೆಯಾದರೆ ಅಲ್ಲ.

ಇಲಿ

ಇಲ್ಲಿ ಇಲಿ ಎಂದರೆ ಮೌಸ್. ರ‍್ಯಾಟ್ ಬಂದಾಗ ರ‍್ಯಾಟ್ ಎಂದೇ ಬರೆದಿದೆ.

ಯಾವ ಕೋಶ, ಯಾವ ಕ್ಷಣ, ತೆಗೆದರೆ ಏನು ಎಂದು ಒಟ್ಟಿಗೆ ಕೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ತಿಂಗಳ ಲೆಕ್ಕಕ್ಕೆ ಬನ್ನಿ. ಗರ್ಭ ಸುಮಾರು ಮೂರು ವಾರ, ಮರಿ ಸಂತಾನಕ್ಕೆ ಸಿದ್ಧವಾಗಲು ಆರರಿಂದ ಎಂಟು ವಾರ. ಎರಡು ತಳಿಗಳನ್ನು ಎರಡು ಹಂತದಲ್ಲಿ ಬೆರೆಸಬೇಕಾದರೆ ಐದಾರು ತಿಂಗಳು ಅಲ್ಲೇ ಹೋಯಿತು. ಬೇಕಾದ ತಳಿ ಲ್ಯಾಬ್‌ನಲ್ಲಿ ಆಗಲೇ ಇದೆಯೇ ಎಂದು ಕೇಳುವುದರಿಂದ ಅರ್ಧ ವರ್ಷ ಉಳಿಯಬಹುದು. ಆಮೇಲೆ ತಲೆಗೆ ಲೋಹದ ಪಟ್ಟಿ ಕೂರಿಸುವ ಶಸ್ತ್ರಚಿಕಿತ್ಸೆ, ವೈರಸ್ ಮೂಲಕ ಕೊಟ್ಟ ಜೀನ್ ವ್ಯಕ್ತವಾಗಲು ಎರಡರಿಂದ ನಾಲ್ಕು ವಾರ, ನೀರೇ ಬಹುಮಾನವಾದ್ದರಿಂದ ನೀರಿನ ಮಿತಿಗೆ ಒಗ್ಗಲು ಒಂದು ವಾರ, ಕೆಲಸ ಕಲಿಯಲು ಎರಡರಿಂದ ಆರು ವಾರ. ಪ್ರಾಣಿ ಪ್ರಯೋಗದ ಅನುಮತಿ, ತರಬೇತಿ ಪ್ರಮಾಣಪತ್ರ ಇವೆಲ್ಲಕ್ಕೂ ಮೊದಲು. ರಿಗ್ (ಪ್ರಯೋಗದ ಉಪಕರಣಗಳ ಜೋಡಣೆ) ಸಿದ್ಧವಿದ್ದರೂ ನಂಬಬಹುದಾದ ಮೊದಲ ರೆಕಾರ್ಡಿಂಗ್ ಒಂಬತ್ತರಿಂದ ಹನ್ನೆರಡನೇ ತಿಂಗಳಿಗೆ. ರಿಗ್ಗನ್ನೇ ಕಟ್ಟಬೇಕೆಂದರೆ ಇನ್ನೂ ಆರು ತಿಂಗಳು ಕೂಡಿಸಿ.

ದಿನಚರಿ ಹೀಗಿರುತ್ತದೆ. ಬೆಳಿಗ್ಗೆ ತೂಕ. 25 ಗ್ರಾಮಿನ ಇಲಿಗೆ ದಿನಕ್ಕೆ ಸುಮಾರು 1 ಮಿಲಿಲೀಟರ್ ನೀರು, ಮೂಲ ತೂಕದ 80 ಪ್ರತಿಶತಕ್ಕಿಂತ ಕೆಳಗಿಳಿದರೆ ಹೆಚ್ಚಿಗೆ ಕೊಡಲೇಬೇಕು. ಇದು ಭಾನುವಾರವೂ ತಪ್ಪುವುದಿಲ್ಲ. ತಂಡದಲ್ಲಿ ಸರದಿ ಇದೆಯೇ, ಇಲ್ಲ ನಿಮ್ಮ ಇಲಿಗೆ ನೀವೇ ಗತಿಯೇ? ಮೊದಲೇ ಕೇಳಿಕೊಳ್ಳಿ.

ಹೊಸಬರ ವಾರಗಳನ್ನು ನುಂಗುವ ಒಂದು ಸಣ್ಣ ಸಂಗತಿ ಇದೆ. ಚೆನ್ನಾಗಿ ಕಲಿಯುತ್ತಿದ್ದ ಇಲಿ ಒಂದು ದಿನ ಐವತ್ತು ಪ್ರಯತ್ನಕ್ಕೇ ನಿಲ್ಲಿಸಿಬಿಡುತ್ತದೆ. ಇಲಿಗೆ ಆಸಕ್ತಿ ಹೋಯಿತು ಎಂದು ಪುಸ್ತಕದಲ್ಲಿ ಬರೆದು, ನೀರು ಇನ್ನಷ್ಟು ಬಿಗಿ ಮಾಡುತ್ತಾರೆ. ಅಸಲಿಗೆ ಕೆಟ್ಟಿರುವುದು ಬಹುಮಾನದ ನೀರಿನ ಹನಿ ಬಿಡುವ ಕವಾಟ: ಒಳಗೆ ಪಾಚಿ ಕಟ್ಟಿ 4 ಮೈಕ್ರೋಲೀಟರ್ ಬೀಳಬೇಕಾದ ಕಡೆ 1 ಬೀಳುತ್ತಿದೆ. ವಾರಕ್ಕೊಮ್ಮೆ ನೂರು ಹನಿ ಒಂದು ಬಟ್ಟಲಿಗೆ ಬೀಳಿಸಿ ತೂಗಿ. 0.4 ಗ್ರಾಮ್ ಬಂದರೆ ಕವಾಟ ಸರಿಯಿದೆ. ಲ್ಯಾಬ್ ನೋಡಲು ಹೋದಾಗ ಈ ತೂಕದ ದಾಖಲೆ ಪುಸ್ತಕ ಇದೆಯೇ ಎಂದು ವಿಚಾರಿಸಿ. ಅದಿರುವ ಲ್ಯಾಬ್‌ನಲ್ಲಿ ಉಳಿದದ್ದೂ ಸಾಮಾನ್ಯವಾಗಿ ನೆಟ್ಟಗಿರುತ್ತದೆ.

ರೆಕಾರ್ಡಿಂಗ್‌ಗೆ ಈಗ ನ್ಯೂರೋಪಿಕ್ಸೆಲ್ಸ್ ಎಂಬ, ಮೆದುಳಿಗೆ ಇಳಿಸುವ ಸೂಜಿಯಂಥ ಪ್ರೋಬ್ ಸಾಮಾನ್ಯ. 2017ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲಿ 960 ತಾಣ, ಅವುಗಳಲ್ಲಿ ಒಂದು ಹೊತ್ತಿಗೆ 384 ಚಾನಲ್. ಪ್ರತಿ ಚಾನಲ್ ಸೆಕೆಂಡಿಗೆ 30,000 ಅಳತೆ, ಒಂದಕ್ಕೆ 2 ಬೈಟ್. ಗುಣಿಸಿದರೆ ಒಂದು ಪ್ರೋಬ್‌ಗೆ ಗಂಟೆಗೆ ಸುಮಾರು 83 ಗಿಗಾಬೈಟ್. ಎರಡು ಪ್ರೋಬ್, ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ ಎಂದರೆ ಒಂದೂಕಾಲು ಟೆರಾಬೈಟ್. ಇದನ್ನು ಎಲ್ಲಿಡುತ್ತಾರೆ, ಸ್ಪೈಕ್ (ನರಕೋಶದ ಮಿಡಿತ) ಬೇರ್ಪಡಿಸುವ ಯಂತ್ರ ಯಾವುದು, ಅದಕ್ಕೆ ಸರದಿ ಎಷ್ಟು ಉದ್ದ ಎಂಬುದನ್ನು ಕೇಳದೆ ಸೇರಬಾರದು.

ವಿಜ್ಞಾನದ ತೊಡಕು ಇದಕ್ಕಿಂತ ಆಳದ್ದು. ಕೋತಿ, ಮನುಷ್ಯರಲ್ಲಿ ಮೋಟಾರ್ ಕಾರ್ಟೆಕ್ಸ್‌ನ (ಚಲನೆಯನ್ನು ಆಳುವ ಮೆದುಳಿನ ಹೊರಪದರದ ಭಾಗ) ಕೆಲವು ಕೋಶಗಳು ಬೆನ್ನುಹುರಿಯ ಚಾಲಕ ನರಕೋಶಗಳನ್ನು ನೇರವಾಗಿ ಮುಟ್ಟುತ್ತವೆ. ವಯಸ್ಕ ಇಲಿಯಲ್ಲಿ ಸಂದೇಶ ಮಧ್ಯವರ್ತಿ ಕೋಶಗಳ ಮೂಲಕವೇ ಹೋಗುತ್ತದೆ. ಅದರ ಮೇಲೆ 2015ರ ಒಂದು ಫಲಿತಾಂಶ: ರ‍್ಯಾಟ್‌ಗಳು ಲಿವರನ್ನು ನಿರ್ದಿಷ್ಟ ಅಂತರದಲ್ಲಿ ಎರಡು ಸಲ ಒತ್ತಲು ಕಲಿತ ಮೇಲೆ ಮೋಟಾರ್ ಕಾರ್ಟೆಕ್ಸ್ ತೆಗೆದರೂ ಕೌಶಲ ಉಳಿಯಿತು, ಕಲಿಯುವ ಮೊದಲೇ ತೆಗೆದಾಗ ಮಾತ್ರ ಕಲಿಕೆ ಆಗಲಿಲ್ಲ. ಅದೇ ವರ್ಷ ಇನ್ನೊಂದು ಎಚ್ಚರಿಕೆಯೂ ಬಂತು: ಮೆದುಳಿನ ಒಂದು ಪ್ರದೇಶವನ್ನು ಥಟ್ಟನೆ ಸುಮ್ಮನಾಗಿಸಿದರೆ ಅದನ್ನು ನೆಚ್ಚಿಕೊಂಡ ಬೇರೆ ಪ್ರದೇಶಗಳೂ ತತ್ತರಿಸುತ್ತವೆ, ಹಾಗಾಗಿ ಕೌಶಲ ಕೆಟ್ಟ ಮಾತ್ರಕ್ಕೆ ಅದು ಅಲ್ಲೇ ಕೂತಿತ್ತು ಎನ್ನಲಾಗದು. ನಿಮ್ಮ ಯೋಜನೆಗೆ ಇದರರ್ಥ ಇಷ್ಟೇ: ರೆಕಾರ್ಡಿಂಗ್‌ಗೆ ಕೈ ಹಾಕುವ ಮುನ್ನ, ಮೊದಲ ನಾಲ್ಕೈದು ಇಲಿಗಳಲ್ಲಿ ಆ ಪ್ರದೇಶ ಆ ಕೆಲಸಕ್ಕೆ ಬೇಕೇ ಎಂದು ಥಟ್ಟನೆ ಸುಮ್ಮನಾಗಿಸಿಯೂ ಶಾಶ್ವತವಾಗಿ ತೆಗೆದೂ ನೋಡಿ. ಎರಡು ವರ್ಷ ರೆಕಾರ್ಡ್ ಮಾಡಿ ಆಮೇಲೆ ಅದು ಬೇಡವಾಗಿತ್ತು ಎಂದು ತಿಳಿಯುವುದು ಬೇಡ.

ಕೋತಿ

ಪಳಗಿದ ಪ್ರಾಣಿಗಳು, ಕೆಲಸ ಮಾಡುವ ಅರೇ (ಮೆದುಳಿನಲ್ಲಿ ಕೂರಿಸಿದ ವಿದ್ಯುದ್ವಾರಗಳ ಸಾಲು) ಈಗಾಗಲೇ ಇದ್ದರೆ ಹೋಗಿ. ಇಲ್ಲದಿದ್ದರೆ ಬೇಡ. ತರಬೇತಿಗೇ ಆರರಿಂದ ಹದಿನೆಂಟು ತಿಂಗಳು ಹೋಗಬಹುದು, ಸಾಮಾನ್ಯವಾಗಿ ಇರುವುದೇ ಎರಡು ಪ್ರಾಣಿ, ಒಂದಕ್ಕೆ ಕಾಯಿಲೆಯಾದರೆ ಅರ್ಧ ಪ್ರಯೋಗ ನಿಂತಿತು. ಯೂಟಾ ಅರೇಯ 96 ವಿದ್ಯುದ್ವಾರಗಳಲ್ಲಿ ಸಂಕೇತ ಕೊಡುವವು ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತವೆ. ನೀವು ಸೇರುವ ಹೊತ್ತಿಗೆ ಅದು ಹಾಕಿ ಎಷ್ಟು ಕಾಲವಾಯಿತು, ಈಗ ಎಷ್ಟು ಚಾನಲ್ ಜೀವಂತ ಎಂದು ಕೇಳಿ.

ಬೇರೆಲ್ಲೂ ಸಿಗದ ಉತ್ತರಗಳು ಇಲ್ಲಿ ಸಿಗುತ್ತವೆ ಎಂಬುದೂ ನಿಜ. ಮೆದುಳು-ಕಂಪ್ಯೂಟರ್ ಸಂಪರ್ಕದಲ್ಲಿ ಯಾವ ನರಕೋಶ ಕರ್ಸರನ್ನು ಹೇಗೆ ಓಡಿಸಬೇಕೆಂದು ನಿಯಮ ಬರೆಯುವವರು ನೀವೇ. 2014ರಲ್ಲಿ ಈ ಉಪಾಯದಿಂದಲೇ ಗೊತ್ತಾದದ್ದು: ನರಕೋಶಗಳು ಆಗಲೇ ಒಟ್ಟಾಗಿ ತೋರಿಸುವ ವಿನ್ಯಾಸಗಳ ಒಳಗೇ ಬೀಳುವ ಹೊಸ ನಿಯಮವನ್ನು ಕೋತಿ ಕೆಲವೇ ಗಂಟೆಗಳಲ್ಲಿ ಕಲಿಯುತ್ತದೆ, ಹೊರಗೆ ಬೀಳುವುದನ್ನು ಅಷ್ಟು ಹೊತ್ತಿನಲ್ಲಿ ಕಲಿಯಲು ಒದ್ದಾಡುತ್ತದೆ. ಆದರೆ ಮುಂದೆ ಸ್ವಂತ ಕೋತಿ ಲ್ಯಾಬ್ ಕಟ್ಟಲು ಒಪ್ಪುವ ಸಂಸ್ಥೆಗಳು ಕಡಿಮೆ. ಡೇಟಾ ವಿಶ್ಲೇಷಣೆಯ ಕೌಶಲವೇ ನೀವು ಹೊತ್ತು ತರುವ ಗಂಟು ಎಂದುಕೊಂಡು ಹೋದರೆ ನಿರಾಸೆಯಿಲ್ಲ.

ಸಿದ್ಧಾಂತ ಮತ್ತು ಮಾದರಿ

ಹೊರನೋಟಕ್ಕೆ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ವೇಗ. ಸೇರಿದ ವಾರವೇ ಕೆಲಸ ಶುರು: ಕೋತಿ ಕೈ ಚಾಚಿದ ಡೇಟಾ ಡ್ಯಾಂಡಿ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಸಿಗುತ್ತದೆ. ನಿಮಗೆ ಸಿಗುವುದು ಎಲ್ಲರಿಗೂ ಸಿಗುತ್ತದೆ ಎಂಬುದೇ ತೊಂದರೆ. ಅದೇ ಡೇಟಾದ ಮೇಲೆ ಅದೇ ಯೋಚನೆ ಬೇರೆ ಗುಂಪಿಗೂ ಬಂದಿರುತ್ತದೆ.

ಮಾದರಿ ಕಟ್ಟುವವರು ಜಾರುವ ಜಾಗವೂ ಒಂದಿದೆ. ಕಲಿಕೆ ಒಂದು ಚುರುಕು, ಒಂದು ನಿಧಾನದ ಭಾಗದಿಂದ ಆಗುತ್ತದೆ ಎನ್ನುವ 2006ರ ಎರಡು ವೇಗದ ಮಾದರಿ ತೆಗೆದುಕೊಳ್ಳಿ. ಚುರುಕು ಭಾಗ ಪ್ರತಿ ತಪ್ಪಿನಿಂದ 0.21 ಕಲಿಯುತ್ತದೆ, ಪ್ರತಿ ಹೆಜ್ಜೆಗೆ 0.59 ಮಾತ್ರ ಉಳಿಸಿಕೊಳ್ಳುತ್ತದೆ. ನಿಧಾನದ ಭಾಗ 0.02 ಕಲಿಯುತ್ತದೆ, 0.992 ಉಳಿಸಿಕೊಳ್ಳುತ್ತದೆ. ತಪ್ಪಿನ ಸುದ್ದಿ ನಿಂತ ಐದು ಹೆಜ್ಜೆಗೆ ಚುರುಕು ಭಾಗದಲ್ಲಿ ಉಳಿಯುವುದು ನೂರಕ್ಕೆ ಏಳು, ನಿಧಾನದ್ದರಲ್ಲಿ ತೊಂಬತ್ತಾರು. ಸೊಗಸಾದ ಮಾದರಿ. ಆದರೆ ಒಬ್ಬ ವ್ಯಕ್ತಿಯ ನೂರೇ ಪ್ರಯತ್ನಗಳಿಗೆ ಇದನ್ನು ಹೊಂದಿಸಿದರೆ ನಾಲ್ಕು ಸಂಖ್ಯೆಗಳೂ ಎಲ್ಲೆಲ್ಲಿಗೋ ಓಡುತ್ತವೆ, ಗೆರೆ ಮಾತ್ರ ಚೆನ್ನಾಗಿಯೇ ಕೂರುತ್ತದೆ. ಗೊತ್ತಿರುವ ಸಂಖ್ಯೆಗಳಿಂದ ಹುಸಿ ಡೇಟಾ ಹುಟ್ಟಿಸಿ, ಹೊಂದಿಸಿ, ಅದೇ ಸಂಖ್ಯೆಗಳು ಮರಳಿ ಬರುತ್ತವೆಯೇ ಎಂದು ಮೊದಲು ನೋಡುವುದು ಗುಂಪಿನ ಅಭ್ಯಾಸವಾಗಿರಬೇಕು. ಇಲ್ಲದ ಗುಂಪಿನಿಂದ ದೂರವಿರಿ.

ಪ್ರಯೋಗ ಮಾಡುವ ಕನಿಷ್ಠ ಒಬ್ಬ ಸಹಯೋಗಿ ಇರಲಿ, ಡೇಟಾ ಯಾವಾಗ ಕೊಡುತ್ತಾರೆ, ಮೊದಲ ಲೇಖಕ ಯಾರು ಎಂಬುದು ಬರಹದಲ್ಲಿರಲಿ. ‘ಅವರು ಕೊಡ್ತಾರೆ’ ಎಂಬ ಬಾಯಿಮಾತಿನ ಭರವಸೆಯಲ್ಲಿ ವರ್ಷ ಕಳೆದುಹೋಗುತ್ತದೆ.

ಹಣದ ಗಡಿಯಾರ

ಹ್ಯೂಮನ್ ಫ್ರಾಂಟಿಯರ್ ಫೆಲೋಶಿಪ್ ಮೂರು ವರ್ಷ ಕೊಡುತ್ತದೆ, ಬೇರೆ ದೇಶಕ್ಕೆ ಹೋಗಬೇಕು, ಪಿಎಚ್‌ಡಿಗಿಂತ ಭಿನ್ನವಾದ ಕೆಲಸ ಹಿಡಿಯಬೇಕು. ಯೂರೋಪಿನೊಳಗಿನ ಮೇರಿ ಕ್ಯೂರಿ ಫೆಲೋಶಿಪ್ ಹೆಚ್ಚೆಂದರೆ 24 ತಿಂಗಳು, ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ಕಾಲ ಆ ದೇಶದಲ್ಲಿ ಇದ್ದಿರಬಾರದು. ಈ ಕೊನೆಯ ನಿಯಮ ಗೊತ್ತಿಲ್ಲದೆ, ಮೊದಲು ಸೇರಿಕೊಂಡು ಆಮೇಲೆ ಅರ್ಜಿ ಹಾಕೋಣ ಎಂದು ಕಾದವರು ಅರ್ಹತೆ ಕಳೆದುಕೊಳ್ಳುತ್ತಾರೆ.

ಈಗ ಕೂಡಿ ಕಳೆಯಿರಿ. 24 ತಿಂಗಳ ಹಣ, ಹೊಸ ಇಲಿ ರಿಗ್: ಕಟ್ಟಲು ಮತ್ತು ಮೊದಲ ಡೇಟಾಕ್ಕೆ 15ರಿಂದ 18, ಪೇಪರ್ ಬರೆದು ಪರಿಶೀಲನೆ ದಾಟಲು ಕನಿಷ್ಠ 8. ಡೇಟಾ ಕೂಡಿಸಲು ಜಾಗವೇ ಇಲ್ಲ. ಅದೇ 24 ತಿಂಗಳಿಗೆ ಮನುಷ್ಯರ ಲ್ಯಾಬ್ ಆದರೆ ಎರಡು ಪೂರ್ಣ ಪ್ರಯೋಗ, ಜೊತೆಗೆ ಒಂದು ಮಾದರಿ ಆರಾಮಾಗಿ ಹಿಡಿಯುತ್ತದೆ. ಇಲಿಯೇ ಬೇಕೆಂದಿದ್ದರೆ ಸಿದ್ಧ ರಿಗ್, ಸಿದ್ಧ ತಳಿ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ಹಣ, ಮೂರೂ ಇರಲಿ. ಮೂರರಲ್ಲಿ ಎರಡಿದ್ದರೆ ಲ್ಯಾಬ್ ಮುಖ್ಯಸ್ಥರು ನಾಲ್ಕನೇ ವರ್ಷಕ್ಕೆ ಹಣ ಕೊಡುತ್ತಾರೆಯೇ ಎಂದು ಮುಖಕ್ಕೇ ಕೇಳಿ.

ಎಂಜಿನಿಯರಿಂಗ್‌ನಿಂದ ಬಂದು ಮೊದಲ ಸಲ ನರವಿಜ್ಞಾನಕ್ಕೆ ಕಾಲಿಡುವವರಿಗೆ ಮನುಷ್ಯರ ರೋಬೋಟ್ ಲ್ಯಾಬ್ ಹದವಾದ ಬಾಗಿಲು: ನಿಯಂತ್ರಣ ಸಿದ್ಧಾಂತ ಗೊತ್ತಿರುವುದು ಮೊದಲ ದಿನದಿಂದಲೇ ಕೆಲಸಕ್ಕೆ ಬರುತ್ತದೆ. ಫಿಸಿಯೋಥೆರಪಿ ಹಿನ್ನೆಲೆಯವರು ಪಾರ್ಶ್ವವಾಯು ರೋಗಿಗಳಿರುವ ಗುಂಪನ್ನು ಹುಡುಕಲಿ, ಆದರೆ ಸೇರ್ಪಡೆ ನಿಯಮಗಳಿಗೆ ಹೊಂದುವ ರೋಗಿಗಳು ತಿಂಗಳಿಗೆ ಎಷ್ಟು ಮಂದಿ ಸಿಗುತ್ತಾರೆಂಬ ನಿಜ ಸಂಖ್ಯೆ ಪಡೆದೇ ಒಪ್ಪಲಿ. ಪಿಎಚ್‌ಡಿಯಲ್ಲೇ ಇಲಿ ಶಸ್ತ್ರಚಿಕಿತ್ಸೆ ಕಲಿತವರು ಮೇಲಿನ ಲೆಕ್ಕದಿಂದ ಮೂರು ನಾಲ್ಕು ತಿಂಗಳು ಕಳೆಯಬಹುದು. ಮನೆಯಲ್ಲಿ ಚಿಕ್ಕ ಮಗು ಇರುವವರು ಭಾನುವಾರದ ನೀರಿನ ಸರದಿಯನ್ನು ಮರೆಯದೆ ಲೆಕ್ಕಕ್ಕೆ ಸೇರಿಸಲಿ.

ಕೊನೆಗೂ ಎರಡು ಆಹ್ವಾನ ಸರಿಸಮ ನಿಂತರೆ ಎರಡೂ ಲ್ಯಾಬ್‌ಗೆ ಎರಡೆರಡು ದಿನ ಹೋಗಿ ಬನ್ನಿ. ಪೇಪರ್ ಇಲ್ಲದೆ ಹೊರಟುಹೋದ ಹಳೆಯ ಪೋಸ್ಟ್‌ಡಾಕ್ ಯಾರಾದರೂ ಇದ್ದರೆ ಅವರಿಗೆ ಫೋನ್ ಮಾಡಿ, ಬರೀ ಇಮೇಲ್ ಬರೆಯಬೇಡಿ. ಹೊರಡುವಾಗ ಯೋಜನೆಯ ಯಾವ ಭಾಗ ನಿಮ್ಮದಾಗುತ್ತದೆ ಎಂದು ಮುಖ್ಯಸ್ಥರನ್ನು ಕೇಳಿ ಬರೆದುಕೊಳ್ಳಿ. ಆಮೇಲೆ ಅಲ್ಲಿನ ಒಬ್ಬ ವಿದ್ಯಾರ್ಥಿಯ ಪಕ್ಕ ಕೂತು, ಕಳೆದ ವಾರ ರೆಕಾರ್ಡ್ ಮಾಡಿದ ಒಂದು ಕಚ್ಚಾ ಫೈಲ್ ತೆರೆದು ತೋರಿಸಲು ಹೇಳಿ. ಎರಡೇ ನಿಮಿಷದಲ್ಲಿ ತೆರೆಯಿತೇ, ಸಂಕೇತ ಸ್ವಚ್ಛವಾಗಿದೆಯೇ, ಯಾವ ಪ್ರಾಣಿ ಅಥವಾ ಯಾವ ವ್ಯಕ್ತಿ ಸಂಖ್ಯೆ, ಯಾವ ದಿನ ಎಂಬುದು ಫೈಲ್ ಹೆಸರಿನಲ್ಲೇ ಇದೆಯೇ ನೋಡಿ. ‘ಕಳೆದ ವಾರದ್ದು ಇಲ್ಲ, ರಿಗ್ ರಿಪೇರಿಯಲ್ಲಿದೆ’ ಎಂದರೆ ಎಷ್ಟು ದಿನದಿಂದ ಎಂದು ಕೇಳಿ.